ನಂದಿ, ಶಿವಗಂಗೆ ಮತ್ತು ಬೆಳದಿಂಗಳ ತಂಪು

ಭೂಮಿ ಚಪ್ಪಟೆಯಾಗಿದೆ ಎಂದು ನಂಬುವವರು ಎಲ್ಲೋ ದೂರದ ದೇಶಗಳಲ್ಲಿದ್ದಾರೆ ಎಂದುಕೊಂಡು ಸುಮ್ಮನಿರುವ ಕಾಲ ಇದಲ್ಲ. ಮೊಬೈಲಿನಲ್ಲಿ ಹರಿದು ಬರುವ ವಿಡಿಯೊಗಳು ಆ ವಾದವನ್ನು ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯ ಹಳ್ಳಿಗಳಿಗೂ ತಂದು ಮುಟ್ಟಿಸಿವೆ. ಅದನ್ನು ಕೇಳಿದವರೆಲ್ಲ ದಡ್ಡರೂ ಅಲ್ಲ. ನನ್ನ ತಂಗಿಯ ಮಗ ಶಿಡ್ಲಘಟ್ಟದ ಹತ್ತಿರ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವನು; ಹುಳುಮನೆಯ ಉಷ್ಣಾಂಶವನ್ನೂ ತೇವಾಂಶವನ್ನೂ ದಿನಕ್ಕೆ ಹಲವು ಸಲ ನೋಡಿ ಬರೆದಿಡುವವನು; ಅಳತೆ ಎಂದರೇನು ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥವನು ಒಂದು ದಿನ ನನ್ನೆದುರು ಕುಳಿತು, "ಮಾವ, ನೀವು ಹೇಳೋದೆಲ್ಲ ಪುಸ್ತಕದ್ದು. ನಾನು ಅಳೆದು ನೋಡಿದ್ದೀನಿ. ಬೆಳದಿಂಗಳಲ್ಲಿ ಇಟ್ಟ ಥರ್ಮಾಮೀಟರ್ ನೆರಳಲ್ಲಿ ಇಟ್ಟಿದ್ದಕ್ಕಿಂತ ಕಮ್ಮಿ ತೋರಿಸುತ್ತೆ. ಸೂರ್ಯನ ಬೆಳಕೇ ಚಂದ್ರನಿಂದ ತಿರುಗಿ ಬರೋದಾದ್ರೆ ಅದು ತಂಪು ಮಾಡೋದು ಹೇಗೆ?" ಎಂದು ಕೇಳಿದಾಗ, ನಕ್ಕು ಮುಗಿಸಿಬಿಡುವ ಪ್ರಶ್ನೆ ಇದಲ್ಲ ಎಂದು ನನಗೆ ಅನ್ನಿಸಿತು.

ಅವನ ಎರಡನೆಯ ಪ್ರಶ್ನೆ ಭೂಮಿಯ ವಕ್ರತೆಯದು. ಮಳೆ ಹೋಗಿ ಗಾಳಿ ತಿಳಿಯಾದ ಬೆಳಗಿನಲ್ಲಿ ನಂದಿಬೆಟ್ಟದ ಮೇಲೆ ನಿಂತರೆ ಪಡುವಣಕ್ಕೆ, ತುಸು ತೆಂಕಣಕ್ಕೆ ವಾಲಿದಂತೆ, ಶಿವಗಂಗೆಯ ಬಂಡೆ ಕಾಣುತ್ತದೆ. ಎರಡರ ನಡುವಿನ ನೇರ ದೂರ ಸುಮಾರು 55 ಕಿಲೋಮೀಟರ್. ವಿಡಿಯೊಗಳು ಕಲಿಸುವ ಸೂತ್ರದಂತೆ ಇಷ್ಟು ದೂರಕ್ಕೆ ಭೂಮಿ ಸುಮಾರು 235 ಮೀಟರ್ ಬಾಗಬೇಕು. "235 ಮೀಟರ್ ಅಂದ್ರೆ ಬೆಟ್ಟದ ಅರ್ಧ ಮುಳುಗಬೇಕಿತ್ತಲ್ಲ, ಬುಡದ ತನಕ ಕಾಣುತ್ತಲ್ಲ ಮಾವ" ಎಂಬುದು ಅವನ ವಾದ. ಪಾಲಿಟೆಕ್ನಿಕ್ಕಿನಲ್ಲಿ ವರ್ಷಗಟ್ಟಲೆ ಸರ್ವೆ ಪಾಠ ಹೇಳಿಕೊಂಡು ಬಂದ ನನಗೆ ಈ ಲೆಕ್ಕ ಅಪರಿಚಿತವಲ್ಲ. ಆದರೆ ಇದಕ್ಕೆ ಉತ್ತರವನ್ನು ಹೇಳುವುದು ಒಂದು ಕೆಲಸ, ಅವನೇ ಅಳೆದು ಕಾಣುವಂತೆ ಮಾಡುವುದು ಇನ್ನೊಂದು ಕೆಲಸ. ಎರಡನೆಯದು ಆಗದೆ ಮೊದಲನೆಯದಕ್ಕೆ ಬೆಲೆಯಿಲ್ಲ ಎಂದೇ ನಾನು ಭಾವಿಸಿದ್ದೇನೆ.

ಮೊದಲು ನಮ್ಮ ಕಡೆಯವರು ಹೇಳುವ ಒಂದು ದುರ್ಬಲ ಸಾಕ್ಷ್ಯವನ್ನು ಪಕ್ಕಕ್ಕಿಡಬೇಕು. ನಂದಿಯ ಮೇಲಿನಿಂದ ತೆಗೆದ ಚಿತ್ರದಲ್ಲಿ ದಿಗಂತ ಬಿಲ್ಲಿನಂತೆ ಬಾಗಿದೆ ನೋಡಿ, ಭೂಮಿ ದುಂಡಗಿದೆ ಎಂದು ಹಲವರು ಹಾಕುತ್ತಾರೆ. ನಂದಿಯ ಎತ್ತರ ಸಮುದ್ರಮಟ್ಟದಿಂದ 1478 ಮೀಟರ್. ಸುತ್ತಲಿನ ಬಯಲಿನಿಂದ ಲೆಕ್ಕ ಹಾಕಿದರೆ ಐನೂರು ಮೀಟರಿಗೆ ಸ್ವಲ್ಪ ಮೇಲೆ. ಅಷ್ಟು ಎತ್ತರದಿಂದ ಕಾಣುವ ದಿಗಂತದ ಬಾಗು, ಒಂದು ಚಿತ್ರದ ಅಗಲದೊಳಗೆ, ಒಂದು ಡಿಗ್ರಿಯ ಏಳೆಂಟನೆಯ ಒಂದು ಭಾಗದಷ್ಟೂ ಇರುವುದಿಲ್ಲ. ಅಗಲ ನೋಟದ ಮೊಬೈಲ್ ಲೆನ್ಸು ಮಾಡುವ ಸೊಟ್ಟವೇ ಅದಕ್ಕಿಂತ ಹೆಚ್ಚು. ದಿಗಂತವನ್ನು ಚಿತ್ರದ ಕೆಳಭಾಗದಲ್ಲಿ ಇಟ್ಟು ತೆಗೆದರೆ ಅದೇ ಮೊಬೈಲು ಭೂಮಿಯನ್ನು ಬಟ್ಟಲಿನಂತೆ ತಗ್ಗಾಗಿ ತೋರಿಸುವುದೂ ಉಂಟು. ಇಂಥ ಚಿತ್ರವನ್ನು ಮುಂದಿಟ್ಟು ವಾದಿಸುವವನು ಎದುರಾಳಿಗೆ ತಾನಾಗಿಯೇ ಗೆಲುವನ್ನು ಒಪ್ಪಿಸಿದಂತೆ. ಭಾಸ್ಕರಾಚಾರ್ಯ 12ನೆಯ ಶತಮಾನದಲ್ಲಿಯೇ ಈ ಮಾತನ್ನು ಚೊಕ್ಕವಾಗಿ ಹೇಳಿದ್ದಾನೆ: ವೃತ್ತದ ಪರಿಧಿಯ ನೂರನೆಯ ಒಂದು ಭಾಗ ಕಣ್ಣಿಗೆ ಸಮವಾಗಿಯೇ ತೋರುತ್ತದೆ, ಭೂಮಿ ಬಹಳ ದೊಡ್ಡದು, ಅದರ ಮೇಲೆ ನಿಂತ ಮನುಷ್ಯ ಬಹಳ ಚಿಕ್ಕವನು, ಆದ್ದರಿಂದ ಅವನಿಗೆ ಅದು ಚಪ್ಪಟೆಯಾಗಿ ಕಾಣುತ್ತದೆ ಎಂದು. ಚಪ್ಪಟೆಯಾಗಿ ಕಾಣುವುದು ಎರಡೂ ಪಕ್ಷಗಳಿಗೆ ಸಮಾನವಾದ ಅನುಭವ. ಅದರಿಂದ ಯಾವ ತೀರ್ಪೂ ಹೊರಡುವುದಿಲ್ಲ.

ಈಗ ಆ 235 ಮೀಟರಿನ ವಿಷಯ. ದೂರವನ್ನು ಕಿಲೋಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗವನ್ನು 0.0785ರಿಂದ ಗುಣಿಸಿದರೆ, ನಿಂತ ಜಾಗದ ಮಟ್ಟದ ಗೆರೆಯಿಂದ ಭೂಮಿ ಎಷ್ಟು ಮೀಟರ್ ಕೆಳಗೆ ಸರಿದಿದೆ ಎಂಬುದು ಬರುತ್ತದೆ. ಡಿಪ್ಲೊಮಾ ಸಿವಿಲ್ ಓದಿದ ಪ್ರತಿ ವಿದ್ಯಾರ್ಥಿಯೂ ಲೆವೆಲಿಂಗ್ ಪಾಠದಲ್ಲಿ ಈ ಸಂಖ್ಯೆಯನ್ನು ಬಾಯಿಪಾಠ ಮಾಡಿರುತ್ತಾನೆ. ಒಂದು ಕಿಲೋಮೀಟರಿಗೆ ಎಂಟು ಸೆಂಟಿಮೀಟರಿಗೂ ಕಡಿಮೆ, ಹತ್ತು ಕಿಲೋಮೀಟರಿಗೆ ಸುಮಾರು ಎಂಟು ಮೀಟರ್. ವಿಡಿಯೊಗಳಲ್ಲಿ ಇದೇ ಸೂತ್ರ ಮೈಲಿ ಮತ್ತು ಅಂಗುಲಗಳಲ್ಲಿ ಬರುತ್ತದೆ. ಸೂತ್ರ ತಪ್ಪಲ್ಲ, ಅದನ್ನು ಬಳಸುವ ರೀತಿ ತಪ್ಪು. ಅದು ಹೇಳುವುದು ಭೂಮಿ ಎಷ್ಟು ಕೆಳಗೆ ಸರಿದಿದೆ ಎಂಬುದನ್ನೇ ಹೊರತು ಎಷ್ಟು ಮರೆಯಾಗಿದೆ ಎಂಬುದನ್ನಲ್ಲ. ಮರೆಯಾಗುವುದು ನೋಡುವವನ ದಿಗಂತದ ಆಚೆಗೆ ಇರುವುದು ಮಾತ್ರ, ಮತ್ತು ಆ ದಿಗಂತ ಎಷ್ಟು ದೂರದಲ್ಲಿದೆ ಎಂಬುದು ಅವನ ಕಣ್ಣಿನ ಎತ್ತರವನ್ನು ಅವಲಂಬಿಸಿದೆ. ಬಯಲಿನಲ್ಲಿ ನಿಂತವನಿಗೆ ದಿಗಂತ ಸುಮಾರು ನಾಲ್ಕೂವರೆ ಕಿಲೋಮೀಟರ್ ದೂರದಲ್ಲಿರುತ್ತದೆ. ನಂದಿಯ ಮೇಲೆ, ಬಯಲಿನಿಂದ 550 ಮೀಟರ್ ಎತ್ತರದಲ್ಲಿ ನಿಂತವನಿಗೆ, ಅದು 80 ಕಿಲೋಮೀಟರಿಗೂ ಆಚೆ ಹೋಗಿರುತ್ತದೆ. ಶಿವಗಂಗೆ ಇರುವುದು 55 ಕಿಲೋಮೀಟರಿನಲ್ಲಿ, ಅಂದರೆ ದಿಗಂತದ ಈಚೆಗೇ. ದುಂಡು ಭೂಮಿಯ ಲೆಕ್ಕದ ಪ್ರಕಾರವೂ ನಂದಿಯಿಂದ ಶಿವಗಂಗೆಯ ಬುಡ ಮರೆಯಾಗಲು ಕಾರಣವೇ ಇಲ್ಲ.

ಈ ತಪ್ಪಿನ ಹಿಂದೆ ಒಂದು ಹಳೆಯ ಕಥೆಯಿದೆ. 1838ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ರೋಬಾಥಮ್ ಎಂಬಾತ ಬೆಡ್‌ಫರ್ಡ್ ಲೆವೆಲ್ ಎಂಬ ತಗ್ಗು ಪ್ರದೇಶದ ನೇರವಾದ ಕಾಲುವೆಯೊಂದರಲ್ಲಿ ಇಳಿದು, ನೀರಿನಿಂದ ಎಂಟು ಅಂಗುಲ ಮೇಲೆ ಕಣ್ಣಿಟ್ಟು, ಆರು ಮೈಲಿ ದೂರದವರೆಗೆ ಸಾಗಿದ ದೋಣಿಯೊಂದರ ಬಾವುಟ ಕೊನೆಯವರೆಗೂ ಕಂಡಿತು ಎಂದು ಬರೆದ. ಇಂದಿನ ಚಪ್ಪಟೆ ಭೂಮಿ ವಾದದ ಬಹುಪಾಲು ಅವನಿಂದಲೇ ಬಂದದ್ದು. ಬೆಳದಿಂಗಳು ಚಂದ್ರನ ಸ್ವಂತ ಬೆಳಕು, ಅದು ತಂಪು ಬೆಳಕು ಎಂಬ ಮಾತೂ ಅವನ ಬರಹದಲ್ಲಿದೆ. ನೀರಿಗೆ ಅಂಟಿದಂತಿರುವ ಗಾಳಿಯ ಪದರದಲ್ಲಿ ಮೇಲಿಗೂ ಕೆಳಗೂ ಉಷ್ಣಾಂಶದ ವ್ಯತ್ಯಾಸ ಹೆಚ್ಚು, ಅದರಿಂದ ಬೆಳಕಿನ ದಾರಿಯೇ ಬಾಗುತ್ತದೆ. ಬೆಳಕು ಅತಿ ಹೆಚ್ಚು ಬಾಗುವ ಜಾಗದಲ್ಲಿಯೇ ಅವನು ಕಣ್ಣಿಟ್ಟಿದ್ದ. 1870ರಲ್ಲಿ ಅವನ ಅನುಯಾಯಿ ಜಾನ್ ಹ್ಯಾಂಪ್ಡನ್ ಐನೂರು ಪೌಂಡಿನ ಪಂದ್ಯ ಒಡ್ಡಿದಾಗ, ಪ್ರಕೃತಿ ವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವಾಲೆಸ್ ಅದನ್ನು ಒಪ್ಪಿಕೊಂಡು ಅದೇ ಕಾಲುವೆಗೆ ಹೋದ. ವಾಲೆಸ್ ಮೊದಲು ಸರ್ವೆ ಕೆಲಸ ಮಾಡಿಕೊಂಡಿದ್ದವನು, ಆದ್ದರಿಂದ ನೋಟದ ಗೆರೆಯನ್ನು ನೀರಿನಿಂದ ಹದಿಮೂರು ಅಡಿಗೂ ಮೇಲಕ್ಕೆ ಎತ್ತಿದ. ಎರಡು ತುದಿಗಳಲ್ಲಿಯೂ ನಡುವಿನಲ್ಲಿಯೂ ನೀರಿನಿಂದ ಒಂದೇ ಎತ್ತರದಲ್ಲಿ ಗುರುತುಗಳನ್ನಿಟ್ಟು ದೂರದರ್ಶಕದಿಂದ ನೋಡಿದಾಗ ನಡುವಿನ ಗುರುತು ಮಿಕ್ಕೆರಡರ ಗೆರೆಗಿಂತ ಸುಮಾರು ಐದು ಅಡಿ ಮೇಲೆ ಕಂಡಿತು. ಚಪ್ಪಟೆಯಾದ ನೀರಿನ ಮೇಲೆ ಅದು ಸಾಧ್ಯವಿಲ್ಲ. ತೀರ್ಪುಗಾರ ವಾಲೆಸನ ಪರವಾಗಿ ಹೇಳಿದ. ಹ್ಯಾಂಪ್ಡನ್ ಮಾತ್ರ ಒಪ್ಪಲಿಲ್ಲ. ವರ್ಷಗಟ್ಟಲೆ ವಾಲೆಸನನ್ನು ನಿಂದಿಸಿ, ಬೆದರಿಸಿ ಪತ್ರ ಬರೆದು ಜೈಲು ಸೇರಿದ. ಪಂದ್ಯ ಕಾನೂನಿನ ಪ್ರಕಾರ ಊರ್ಜಿತವಲ್ಲವೆಂದು ಕೋರ್ಟು ಹಣವನ್ನೂ ಹಿಂದಕ್ಕೆ ಕೊಡಿಸಿತು, ವಾಲೆಸ್ ತನ್ನ ಕೈಯಿಂದ ಇನ್ನಷ್ಟು ಕಳೆದುಕೊಂಡ. ಹಣ ಕಟ್ಟಿ ವಾದಿಸಿದರೆ ಎದುರಾಳಿಗೆ ಒಪ್ಪಿಕೊಳ್ಳುವ ದಾರಿಯೇ ಮುಚ್ಚಿಹೋಗುತ್ತದೆ ಎಂಬುದು ಈ ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ಅನ್ನಿಸುವ ಮಾತು.

ಬೆಳಕು ಬಾಗುತ್ತದೆ ಎಂದೊಡನೆ ನನ್ನ ಅಳಿಯ ಹಿಡಿದುಕೊಂಡ. "ಲೆಕ್ಕ ಸರಿಹೋಗದ ಕಡೆಯೆಲ್ಲ ವಕ್ರೀಭವನ ಅಂತ ತೇಪೆ ಹಾಕ್ತೀರಿ" ಎಂದ. ಇದು ನ್ಯಾಯವಾದ ಆಕ್ಷೇಪ. ಆದರೆ ಅದು ತೇಪೆಯಲ್ಲ, ಅಳತೆಗೆ ಸಿಗುವ ವಸ್ತು. ಸಾಮಾನ್ಯ ಹಗಲಿನಲ್ಲಿ ನೆಲದಿಂದ ಸಾಕಷ್ಟು ಮೇಲೆ ಸಾಗುವ ಬೆಳಕು ಭೂಮಿಯ ಬಾಗಿನ ಸುಮಾರು ಏಳನೆಯ ಒಂದು ಭಾಗದಷ್ಟನ್ನು ತಾನೂ ಬಾಗುತ್ತದೆ, ಆದ್ದರಿಂದಲೇ ಸರ್ವೆಯವರು 0.0785ರ ಬದಲು ಎರಡೂ ಕೂಡಿದ 0.0673 ಎಂಬ ಸಂಖ್ಯೆಯನ್ನು ಬಳಸುತ್ತಾರೆ. ಇನ್ನೂ ಮುಖ್ಯವಾದದ್ದು, ಮಟ್ಟ ನೋಡುವ ಲೆವೆಲ್ ಯಂತ್ರವನ್ನು ಎರಡು ಸ್ಟಾಫುಗಳ, ಅಂದರೆ ಅಳತೆ ಗುರುತಿನ ಕೋಲುಗಳ, ನಡುಮಧ್ಯೆ ಇಡಬೇಕು ಎಂಬ ನಿಯಮ. ಹಿಂದಿನ ಓದಿಗೂ ಮುಂದಿನ ಓದಿಗೂ ದೂರ ಒಂದೇ ಆಗಿದ್ದರೆ ಭೂಮಿಯ ಬಾಗಿನಿಂದಲೂ ಬೆಳಕಿನ ಬಾಗಿನಿಂದಲೂ ಬರುವ ವ್ಯತ್ಯಾಸ ಎರಡು ಕಡೆಯೂ ಒಂದೇ ಆಗಿ ತಾನಾಗಿಯೇ ವಜಾ ಆಗುತ್ತದೆ. ಕಾಲುವೆ ತೋಡುವವರು, ರೈಲು ಹಳಿ ಹಾಕುವವರು ವಕ್ರತೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ವಿಡಿಯೊಗಳು ಹೇಳುವುದುಂಟು. ಅವರು ತೆಗೆದುಕೊಳ್ಳದಂತೆ ಕಾಣುವುದು ಈ ನಿಯಮದೊಳಗೆ ಅದು ಅಡಗಿರುವುದರಿಂದ. ದೊಡ್ಡ ಸರ್ವೆಗಳಲ್ಲಿ ಅದು ಬಯಲಿಗೇ ಬರುತ್ತದೆ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನಲ್ಲಿ ಆರಂಭಿಸಿದ ಮಹಾ ತ್ರಿಕೋನಮಿತಿ ಸರ್ವೆ ನಮ್ಮ ಸೀಮೆಯ ಬೆಟ್ಟಗಳನ್ನೂ ಮೆಟ್ಟಿಕೊಂಡೇ ಸಾಗಿತು. ಬೆಟ್ಟದಿಂದ ಬೆಟ್ಟಕ್ಕೆ ಕಟ್ಟಿದ ಆ ದೊಡ್ಡ ತ್ರಿಕೋನಗಳಲ್ಲಿ ಮೂರು ಕೋನಗಳ ಮೊತ್ತ 180 ಡಿಗ್ರಿಗಿಂತ ತುಸು ಹೆಚ್ಚು ಬರುತ್ತದೆ, ತ್ರಿಕೋನ ದೊಡ್ಡದಾದಷ್ಟೂ ಆ ಹೆಚ್ಚಳವೂ ದೊಡ್ಡದು. ಚಪ್ಪಟೆ ಹಾಳೆಯ ಮೇಲೆ ಎಷ್ಟು ದೊಡ್ಡ ತ್ರಿಕೋನ ಬರೆದರೂ ಹಾಗಾಗುವುದಿಲ್ಲ.

ನಮ್ಮ ಜಿಲ್ಲೆಯಲ್ಲಿಯೇ ಇನ್ನೊಂದು ಸಾಕ್ಷಿಯಿದೆ, ಅದರ ಬಗ್ಗೆ ನಮ್ಮವರಿಗೇ ಹೆಚ್ಚು ತಿಳಿದಿಲ್ಲ. ಗೌರಿಬಿದನೂರಿನ ಬಳಿ 1965ರಿಂದ ಭೂಕಂಪ ಮಾಪಕಗಳ ಸಾಲೊಂದು ಕೆಲಸ ಮಾಡುತ್ತಿದೆ. ಜಗತ್ತಿನ ಯಾವುದೋ ಮೂಲೆಯ ಕಂಪನ ನೆಲದೊಳಗಿನಿಂದ ಹಾದು ಇಲ್ಲಿಗೆ ಯಾವಾಗ ಬರುತ್ತದೆ, ಯಾವ ಕೋನದಲ್ಲಿ ಬರುತ್ತದೆ, ಯಾವ ದೂರದಿಂದ ಬಂದದ್ದು ನೇರವಾಗಿ ಮುಟ್ಟದೆ ಹೋಗುತ್ತದೆ ಎಂಬುದೆಲ್ಲ ದುಂಡು ಭೂಮಿ, ಅದರ ನಡುವೆ ಒಂದು ದ್ರವದ ಗರ್ಭ ಎಂದು ಹಿಡಿದರೆ ಮಾತ್ರ ಲೆಕ್ಕಕ್ಕೆ ಕೂರುತ್ತದೆ.

ಇನ್ನು ಬೆಳದಿಂಗಳು. ನನ್ನ ಅಳಿಯ ಸುಳ್ಳು ಹೇಳಿರಲಿಲ್ಲ. ಅವನ ಥರ್ಮಾಮೀಟರೂ ಕೆಟ್ಟಿರಲಿಲ್ಲ. ಹುಣ್ಣಿಮೆಯ ರಾತ್ರಿ ಒಂದನ್ನು ಅಂಗಳದಲ್ಲಿ ಬೆಳದಿಂಗಳಿಗೆ ಒಡ್ಡಿ, ಇನ್ನೊಂದನ್ನು ಹುಳುಮನೆಯ ಮುಂದಿನ ಚಪ್ಪರದ ಕೆಳಗೆ ಇಟ್ಟಿದ್ದ. ಅಂಗಳದ್ದು ಕಡಿಮೆ ತೋರಿಸಿತು. ಅವನ ಅಳತೆ ಸರಿ, ಅದರಿಂದ ಅವನು ತೆಗೆದ ತೀರ್ಮಾನ ಮಾತ್ರ ಅವಸರದ್ದು, ಏಕೆಂದರೆ ಅಂಗಳಕ್ಕೂ ಚಪ್ಪರಕ್ಕೂ ಇರುವ ವ್ಯತ್ಯಾಸ ಬೆಳದಿಂಗಳು ಒಂದೇ ಅಲ್ಲ. ಅಂಗಳದ ಥರ್ಮಾಮೀಟರಿನ ನೆತ್ತಿಯ ಮೇಲೆ ಬಯಲಾದ ಆಕಾಶವಿದೆ, ಚಪ್ಪರದ್ದರ ಮೇಲೆ ಗರಿಯ ಹೊದಿಕೆಯಿದೆ. ಪ್ರತಿಯೊಂದು ವಸ್ತುವೂ ತನ್ನ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಹೊರಕ್ಕೆ ಚೆಲ್ಲುತ್ತಲೇ ಇರುತ್ತದೆ. ಚಪ್ಪರದ ಕೆಳಗಿರುವುದಕ್ಕೆ ಚಪ್ಪರವೂ ಅಷ್ಟೇ ಶಾಖವನ್ನು ಹಿಂದಿರುಗಿಸುತ್ತದೆ. ಬಯಲಿನಲ್ಲಿರುವುದಕ್ಕೆ ಮೋಡವಿಲ್ಲದ ಆಕಾಶ ಬಹಳ ಕಡಿಮೆ ಹಿಂದಿರುಗಿಸುತ್ತದೆ. ಆದ್ದರಿಂದ ಬಯಲಿನಲ್ಲಿರುವುದು ತಣಿಯುತ್ತ ಹೋಗಿ ಸುತ್ತಲಿನ ಗಾಳಿಗಿಂತಲೂ ತಂಪಾಗುತ್ತದೆ. ಮಾಗಿಯ ಬೆಳಗಿನಲ್ಲಿ ಹೊರಗೆ ನಿಲ್ಲಿಸಿದ ಬೈಕಿನ ಸೀಟು ಇಬ್ಬನಿಯಿಂದ ತೊಯ್ದಿರುವುದು, ಮಾಡಿನ ಕೆಳಗೆ ನಿಲ್ಲಿಸಿದ್ದು ಒಣಗಿರುವುದು ಇದೇ ಕಾರಣದಿಂದ. ಮೋಡ ಕವಿದ ರಾತ್ರಿ ಇಬ್ಬನಿ ಬೀಳುವುದಿಲ್ಲ ಎಂಬುದು ನಮ್ಮ ರೈತರಿಗೆ ಹೇಳಿಕೊಡಬೇಕಾದ ವಿಷಯವೇ ಅಲ್ಲ.

ಇದನ್ನು ಅವನಿಗೆ ವಿವರಿಸುವ ಬದಲು, ಅದೇ ಎರಡು ಥರ್ಮಾಮೀಟರುಗಳನ್ನು ಅದೇ ಎರಡು ಜಾಗಗಳಲ್ಲಿ ಅಮಾವಾಸ್ಯೆಯ ರಾತ್ರಿ ಇಟ್ಟು ನೋಡಲು ಹೇಳಿದೆ. ಆಕಾಶ ತಿಳಿಯಾಗಿರಬೇಕು, ಗಾಳಿ ಬೀಸುತ್ತಿರಬಾರದು ಎಂಬುದಷ್ಟೇ ನನ್ನ ಷರತ್ತು. ಚಂದ್ರನೇ ಇಲ್ಲದ ಆ ರಾತ್ರಿಯೂ ಅಂಗಳದ್ದು ಕಡಿಮೆಯನ್ನೇ ತೋರಿಸಿತು. ಅವನು ಕೂಡಲೇ ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ಬೆಳದಿಂಗಳು ಇನ್ನೂ ಸ್ವಲ್ಪ ತಂಪನ್ನು ಸೇರಿಸುತ್ತಿರಬಹುದಲ್ಲ ಎಂದು ಕೇಳಿದ. ಹಾಗಾಗಿ ಮುಂದಿನ ಹುಣ್ಣಿಮೆಗೆ ಎರಡನ್ನೂ ಅಂಗಳದಲ್ಲಿಯೇ ಅಕ್ಕಪಕ್ಕ ಇಟ್ಟು, ಒಂದರ ಬುರುಡೆಯ ಮೇಲೆ ಮಾತ್ರ ನೆರಳು ಬೀಳುವಂತೆ ಉದ್ದನೆಯ ಬಿದಿರಿನ ತುದಿಗೆ ಅಂಗೈಯಗಲದ ರಟ್ಟನ್ನು ಕಟ್ಟಿ ದೂರದಲ್ಲಿ ನಿಲ್ಲಿಸಿದೆವು. ಹೀಗೆ ಮಾಡಿದರೆ ಚಂದ್ರ ಮಾತ್ರ ಮರೆಯಾಗುತ್ತಾನೆ, ಆಕಾಶ ಎರಡಕ್ಕೂ ಒಂದೇ ಆಗಿರುತ್ತದೆ. ಚಂದ್ರ ಸರಿದಂತೆ ರಟ್ಟನ್ನೂ ಸರಿಸುತ್ತಿರಬೇಕು, ಅದೊಂದು ತಾಳ್ಮೆಯ ಕೆಲಸ, ಹುಳು ಸಾಕುವವನಿಗೆ ಅದು ಕಷ್ಟವಾಗಲಿಲ್ಲ. ಎರಡೂ ಒಂದೇ ಓದನ್ನು ತೋರಿಸಿದವು.

ಒಂದೇ ಓದು ಬರಬೇಕಾದದ್ದೂ ಸಹಜವೇ. ಹುಣ್ಣಿಮೆಯ ಚಂದ್ರನ ಬೆಳಕು ಸೂರ್ಯನ ಬೆಳಕಿನ ಸುಮಾರು ನಾಲ್ಕು ಲಕ್ಷದಲ್ಲೊಂದು ಪಾಲು. ಅದು ತರುವ ಶಾಖವನ್ನು ಹುಳುಮನೆಯ ಥರ್ಮಾಮೀಟರು ಹಿಡಿಯಲಾರದು. ಆದರೆ ಆ ಶಾಖ ಇದೆ. 1846ರಲ್ಲಿ ಇಟಲಿಯ ಮಾಚೆಡೋನಿಯೊ ಮೆಲ್ಲೋನಿ ವೆಸುವಿಯಸ್ ಬೆಟ್ಟದ ಮೇಲೆ ಒಂದು ಮೀಟರ್ ಅಗಲದ ಮಸೂರದಿಂದ ಬೆಳದಿಂಗಳನ್ನು ಒಟ್ಟುಗೂಡಿಸಿ ಉಷ್ಣವಿದ್ಯುತ್ ಮಾಪಕದ ಮೇಲೆ ಬಿಟ್ಟಾಗ ಮುಳ್ಳು ಬಿಸಿಯ ಕಡೆಗೇ ಸರಿಯಿತು. ಬೆಳದಿಂಗಳು ತಂಪು ಮಾಡುವ ಬೆಳಕಾಗಿದ್ದರೆ ಒಟ್ಟುಗೂಡಿಸಿದಷ್ಟೂ ಅದು ಇನ್ನಷ್ಟು ತಂಪನ್ನು ತೋರಿಸಬೇಕಿತ್ತು.

ಅದು ಚಂದ್ರನ ಸ್ವಂತ ಬೆಳಕಲ್ಲ ಎಂಬುದಕ್ಕೆ ಯಂತ್ರ ಬೇಕಾಗಿಲ್ಲ. ಕೃಷ್ಣಪಕ್ಷದ ಅಷ್ಟಮಿಯ ಬೆಳಗ್ಗೆ ಬಿಸಿಲು ಬಂದ ಮೇಲೆಯೂ ಅರ್ಧಚಂದ್ರ ಪಡುವಣದ ಕಡೆಗೆ ಮಸುಕಾಗಿ ಕಾಣುತ್ತಿರುತ್ತಾನೆ. ಆಗ ಬಿಸಿಲಿನಲ್ಲಿ ನಿಂತು, ಒಂದು ಜೇಡಿಮಣ್ಣಿನ ಉಂಡೆಯನ್ನು ಕೈ ಚಾಚಿ ಚಂದ್ರನ ಪಕ್ಕಕ್ಕೆ ಬರುವಂತೆ ಹಿಡಿಯಬೇಕು. ಉಂಡೆಯ ಯಾವ ಭಾಗ ಬೆಳಗಿ ಯಾವ ಭಾಗ ನೆರಳಾಗಿದೆಯೋ ಚಂದ್ರನಲ್ಲಿಯೂ ಅದೇ ಭಾಗ ಬೆಳಗಿರುತ್ತದೆ, ಬೆಳಕಿನ ಅಂಚು ವಾಲಿರುವ ಬಗೆಯೂ ಅದೇ. ಮರುದಿನ ಚಂದ್ರ ಸೂರ್ಯನಿಗೆ ಇನ್ನಷ್ಟು ಹತ್ತಿರವಾಗಿರುತ್ತಾನೆ, ಉಂಡೆಯ ಬೆಳಗಿದ ಭಾಗವೂ ಅವನೊಡನೆಯೇ ಕ್ಷೀಣಿಸುತ್ತದೆ. ಸ್ವಂತ ಬೆಳಕಿನ ಚಂದ್ರ ನಮ್ಮ ಕೈಯಲ್ಲಿನ ಮಣ್ಣಿನುಂಡೆಯನ್ನು ಹೀಗೆ ಅನುಸರಿಸಲು ಕಾರಣವಿಲ್ಲ. ಇದರಲ್ಲಿ ಇನ್ನೊಂದು ವಿಷಯವೂ ಅಡಗಿದೆ. ಚಪ್ಪಟೆ ಭೂಮಿಯ ಚಿತ್ರದಲ್ಲಿ ಸೂರ್ಯ, ಚಂದ್ರ ಇಬ್ಬರೂ ಕೆಲವೇ ಸಾವಿರ ಕಿಲೋಮೀಟರ್ ಎತ್ತರದಲ್ಲಿ, ಒಂದೇ ಮಟ್ಟದಲ್ಲಿ ಸುತ್ತುತ್ತಾರೆ. ಹಾಗಿದ್ದರೆ ಅಂಗಳದ ಉಂಡೆಗೂ ಮೇಲಿನ ಚಂದ್ರನಿಗೂ ಬೆಳಕು ಬೇರೆ ಬೇರೆ ದಿಕ್ಕಿನಿಂದ ಬೀಳಬೇಕು, ಎರಡರ ಆಕಾರವೂ ಬೇರೆಯಾಗಬೇಕು. ಎರಡೂ ಒಂದೇ ಆಗಿ ಕಾಣುವುದು ಸೂರ್ಯ ಚಂದ್ರನಿಗಿಂತ ಬಹಳ ಬಹಳ ದೂರದಲ್ಲಿದ್ದರೆ ಮಾತ್ರ. ಚಂದ್ರನ ಬೆಳಕನ್ನು ರೋಹಿತವಾಗಿ, ಅಂದರೆ ಬಣ್ಣಗಳ ಪಟ್ಟಿಯಾಗಿ, ಬಿಡಿಸಿ ನೋಡಿದರೆ ಸೂರ್ಯನ ರೋಹಿತದಲ್ಲಿರುವ ಕಪ್ಪು ಗೆರೆಗಳೇ ಅದೇ ಜಾಗಗಳಲ್ಲಿ ಸಿಗುತ್ತವೆ ಎಂಬುದು ಎರಡು ಶತಮಾನಗಳಿಂದ ತಿಳಿದಿರುವ ಸಂಗತಿ.

"ಗುಂಡಗಿದ್ದು ಬೆಳಕು ತಿರುಗಿಸೋದಾದ್ರೆ ನಡುವೆ ಒಂದೇ ಕಡೆ ಹೊಳೀಬೇಕು, ಸ್ಟೀಲ್ ಚೆಂಬಿನ ಥರ" ಎಂದೂ ಅವನು ಕೇಳಿದ್ದ. ನಯವಾದ ಲೋಹ ಹಾಗೆ ಹೊಳೆಯುತ್ತದೆ, ಒರಟು ಧೂಳು ಹೊಳೆಯುವುದಿಲ್ಲ. ಚಂದ್ರನ ಮೈ ತುಂಬ ಇರುವುದು ನುಣ್ಣನೆಯ, ಮಾಸಲು ಬಣ್ಣದ ಧೂಳು. ಬಿದ್ದ ಬೆಳಕಿನಲ್ಲಿ ಅದು ಹಿಂದಿರುಗಿಸುವುದು ನೂರಕ್ಕೆ ಹನ್ನೆರಡರಷ್ಟನ್ನು ಮಾತ್ರ, ಸವೆದ ಡಾಂಬರು ರಸ್ತೆಯಂತೆ. ಕಪ್ಪನೆಯ ಆಕಾಶದ ಮುಂದೆ ನೇರ ಬಿಸಿಲಿನಲ್ಲಿ ನಿಂತಿರುವುದರಿಂದ ಅದು ಬೆಳ್ಳಗೆ ಕಾಣುತ್ತದೆ. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ಚಂದ್ರಯಾನ-3ರ ಉಪಕರಣವೊಂದು ಆ ಧೂಳಿನೊಳಗೆ ಚುಚ್ಚಿ ಉಷ್ಣಾಂಶವನ್ನು ಅಳೆಯಿತು. ಬಿಸಿಲಿಗೆ ಕಾದ ಮೇಲ್ಮೈಯಿಂದ ಕೆಲವೇ ಸೆಂಟಿಮೀಟರ್ ಆಳಕ್ಕೆ ಇಳಿಯುವಷ್ಟರಲ್ಲಿ ಹತ್ತಾರು ಡಿಗ್ರಿಗಳ ಇಳಿತ ಕಂಡುಬಂತು. ಅಲ್ಲಿನ ನೆಲ ತಂಪು ಬೆಳಕನ್ನು ಹೊರಸೂಸುವ ದೀಪವಲ್ಲ, ಬಿಸಿಲಿಗೆ ಕಾಯುವ ನೆಲ.

ಗ್ರಹಣದ ವಿಷಯಕ್ಕೆ ಬಂದರೆ ಚಪ್ಪಟೆ ಭೂಮಿಯ ವಾದಕ್ಕೆ ಕಣ್ಣಿಗೆ ಕಾಣದ ಇನ್ನೊಂದು ಕಪ್ಪು ಕಾಯ ಬೇಕಾಗುತ್ತದೆ. ರೋಬಾಥಮ್ ಹಾಗೆಯೇ ಬರೆದ. ನಮ್ಮಲ್ಲಿ ಕ್ರಿ.ಶ. 499ರಲ್ಲಿಯೇ ಆರ್ಯಭಟ ಚಂದ್ರನನ್ನು ಮುಚ್ಚುವುದು ಭೂಮಿಯ ದೊಡ್ಡ ನೆರಳು ಎಂದು ಬರೆದು ಅಂಥ ಕಾಯದ ಅಗತ್ಯವನ್ನೇ ತೆಗೆದುಹಾಕಿದ. 2025ರ ಸೆಪ್ಟೆಂಬರ್ 7ರ ರಾತ್ರಿ ಹನ್ನೊಂದರಿಂದ ಹನ್ನೆರಡು ಗಂಟೆ ಇಪ್ಪತ್ತೆರಡು ನಿಮಿಷದವರೆಗೆ ನಡೆದ ಪೂರ್ಣ ಗ್ರಹಣದಲ್ಲಿ ಚಂದ್ರ ನೆತ್ತಿಯ ಹತ್ತಿರವಿದ್ದ. ಸಂಜೆ ಹುಟ್ಟುವಾಗಲೇ ಗ್ರಹಣ ಹಿಡಿಯುವ ದಿನಗಳೂ ಉಂಟು, ಬೆಳಗ್ಗೆ ಮುಳುಗುವಾಗ ಹಿಡಿಯುವ ದಿನಗಳೂ ಉಂಟು. ಎಲ್ಲ ಸಂದರ್ಭಗಳಲ್ಲಿಯೂ ನೆರಳಿನ ಅಂಚು ವೃತ್ತದ ಭಾಗವೇ ಆಗಿರುತ್ತದೆ. ತಟ್ಟೆಯಂಥ ಭೂಮಿಗೆ ಪಕ್ಕದಿಂದ ಬೆಳಕು ಬಿದ್ದಾಗ ನೆರಳು ಗೆರೆಯಂತಾಗಬೇಕಿತ್ತು. ಗ್ರಹಣ ಹಿಡಿದ ಚಂದ್ರನೂ ಸೂರ್ಯನೂ ಒಟ್ಟಿಗೆ ಕಂಡದ್ದುಂಟಲ್ಲ ಎಂಬ ಪ್ರಶ್ನೆಯನ್ನೂ ಕೆಲವರು ಎತ್ತುತ್ತಾರೆ. ದಿಗಂತದ ಅಂಚಿನಲ್ಲಿ ಗಾಳಿ ಇಬ್ಬರ ಬಿಂಬವನ್ನೂ ಅರ್ಧ ಡಿಗ್ರಿಗಿಂತ ತುಸು ಹೆಚ್ಚು, ಅಂದರೆ ಅವರವರ ಬಿಂಬದಷ್ಟೇ, ಮೇಲಕ್ಕೆತ್ತಿ ತೋರಿಸುವುದರಿಂದ ಕೆಲವು ನಿಮಿಷಗಳ ಮಟ್ಟಿಗೆ ಹಾಗೆ ಕಾಣುವುದು ಸಾಧ್ಯ.

ಇದೆಲ್ಲ ಪರದೇಶದವರ ವಿಜ್ಞಾನ, ನಮ್ಮ ಹಿರಿಯರು ಹೇಳಿದ್ದು ಬೇರೆ ಎನ್ನುವವರೂ ನನಗೆ ಸಿಕ್ಕಿದ್ದಾರೆ. ಅವರಿಗೆ ನಾನು ಎಂಟನೆಯ ಶತಮಾನದ ಜ್ಯೋತಿಷಿ ಲಲ್ಲನ ಪ್ರಶ್ನೆಯನ್ನು ನೆನಪಿಸುತ್ತೇನೆ: ಭೂಮಿ ಸಮವಾಗಿದ್ದರೆ, ತಾಳೆಯಂಥ ಎತ್ತರದ ಮರಗಳು ಬಹುದೂರದಲ್ಲಿರುವಾಗ ಮನುಷ್ಯರ ಕಣ್ಣಿಗೆ ಏಕೆ ಬೀಳುವುದಿಲ್ಲ? ಚಪ್ಪಟೆ ಭೂಮಿಯನ್ನು ನಂಬುವವರೊಡನೆ ನಮ್ಮ ಜ್ಯೋತಿಷಿಗಳು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ವಾದ ಮಾಡಿದ್ದರು, ಅದೂ ಕಣ್ಣಿಗೆ ಕಾಣುವ ವಸ್ತುವನ್ನು ಮುಂದಿಟ್ಟು.

ಬೆಳದಿಂಗಳ ಮಾತನ್ನು ನನ್ನ ಅಳಿಯ ಈಗ ಬಿಟ್ಟಿದ್ದಾನೆ. ವಕ್ರತೆಯನ್ನು ಒಪ್ಪಿಲ್ಲ. ಆದ್ದರಿಂದ ನಂದಿ ಮತ್ತು ಶಿವಗಂಗೆಗಳನ್ನೇ ಅಳತೆಗೆ ಹಿಡಿಯೋಣ ಎಂದು ನಿರ್ಧರಿಸಿದೆವು. ಶಿವಗಂಗೆಯ ತುದಿ ನಂದಿಗಿಂತ ಸುಮಾರು 100 ಮೀಟರ್ ತಗ್ಗು. ಭೂಮಿ ಚಪ್ಪಟೆಯಾಗಿದ್ದರೆ ನಂದಿಯ ಮಟ್ಟದ ಗೆರೆಯಿಂದ ಅದು 100 ಮೀಟರ್ ಕೆಳಗೆ ಕಾಣಬೇಕು. ದುಂಡಗಿದ್ದರೆ ಬಾಗಿನ 235 ಮೀಟರೂ ಸೇರಿ, ಬೆಳಕಿನ ಬಾಗನ್ನು ಕಳೆದು, 300 ಮೀಟರಿಗೂ ಕೆಳಗೆ ಕಾಣಬೇಕು. ಕೋನ ಅಳೆಯುವ ಸರ್ವೆ ಯಂತ್ರ ಥಿಯೋಡೊಲೈಟ್ ಇದ್ದರೆ ಇದು ನಿಮಿಷಗಳ ಕೆಲಸ, ಆದರೆ ಯಂತ್ರದೊಳಗೆ ಏನು ತುಂಬಿದ್ದಾರೋ ಎಂಬ ಅನುಮಾನ ಅವನದು. ಹಾಗಾಗಿ ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಟ್ಯೂಬನ್ನೇ ತೆಗೆದುಕೊಂಡೆವು. ಎರಡು ರೀಪುಗಳನ್ನು ಮೂರು ಮೀಟರ್ ಅಂತರದಲ್ಲಿ ನಿಲ್ಲಿಸಿ, ಟ್ಯೂಬಿನ ಎರಡು ತುದಿಗಳನ್ನು ಅವಕ್ಕೆ ಕಟ್ಟಿ, ಶಾಯಿ ಬೆರೆಸಿದ ನೀರು ತುಂಬಿ, ಒಳಗೆ ಗಾಳಿಯ ಗುಳ್ಳೆ ಒಂದೂ ಉಳಿಯದಂತೆ ತಟ್ಟಿ ತಟ್ಟಿ ಹೊರಡಿಸಿ, ದೂರದ ರೀಪಿಗೆ ಮಿಲಿಮೀಟರ್ ಗುರುತಿನ ಸ್ಕೇಲು ಅಂಟಿಸಿದೆವು. ಹತ್ತಿರದ ನೀರಿನ ಮಟ್ಟದ ಮೇಲಿಂದ ಶಿವಗಂಗೆಯ ತುದಿಗೆ ನೋಟ ಹಾಯಿಸಿದರೆ ಆ ಗೆರೆ ಸ್ಕೇಲನ್ನು ನೀರಿನ ಮಟ್ಟದಿಂದ ಎಷ್ಟು ಕೆಳಗೆ ಮುಟ್ಟುತ್ತದೆ ಎಂಬುದೇ ಓದು. ಚಪ್ಪಟೆ ಭೂಮಿಯಾದರೆ 5.5 ಮಿಲಿಮೀಟರ್, ದುಂಡು ಭೂಮಿಯಾದರೆ 16ರಿಂದ 18. ಎರಡೂ ಸಂಖ್ಯೆಗಳನ್ನು ಬೆಟ್ಟ ಹತ್ತುವ ಮೊದಲೇ ಅವನ ಹುಳುಮನೆಯ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದೆವು. ಗಾಳಿಗೆ ನೀರಿನ ಮಟ್ಟ ಅಲುಗಾಡುತ್ತಿದ್ದುದರಿಂದ ಓದು ಸಲಸಲಕ್ಕೂ ಒಂದೆರಡು ಮಿಲಿಮೀಟರ್ ಆಚೀಚೆ ಆಯಿತಾದರೂ ಒಂದೂವರೆ ಸೆಂಟಿಮೀಟರಿಗಿಂತ ಕಡಿಮೆ ಬರಲೇ ಇಲ್ಲ.

ಶಿವಗಂಗೆಯ ಎತ್ತರವನ್ನು ನಕ್ಷೆಯವರು ತಪ್ಪು ಬರೆದಿರಬಹುದು ಎಂಬುದು ಈಗ ಅವನಿಗೆ ಉಳಿದಿರುವ ಕೊನೆಯ ಆಕ್ಷೇಪ. ಇದಕ್ಕೂ ದಾರಿಯಿದೆ, ಇದೇ ನನಗೆ ಎಲ್ಲಕ್ಕಿಂತ ಹಿಡಿಸಿದ ಭಾಗ. ಎದುರಿನ ಬೆಟ್ಟಕ್ಕೆ ಹೋಗಿ ಅಲ್ಲಿಂದ ನಂದಿಯನ್ನು ನೋಡಿದರೆ ಎತ್ತರಗಳೇ ಬೇಕಾಗುವುದಿಲ್ಲ. ಚಪ್ಪಟೆ ಭೂಮಿಯಲ್ಲಿ ಒಂದು ಬೆಟ್ಟದಿಂದ ಇನ್ನೊಂದು ಎಷ್ಟು ಕೆಳಗೆ ಕಾಣುತ್ತದೆಯೋ, ಆ ಇನ್ನೊಂದರಿಂದ ಮೊದಲನೆಯದು ಅಷ್ಟೇ ಮೇಲೆ ಕಾಣಲೇಬೇಕು, ಬೆಟ್ಟಗಳ ಎತ್ತರ ಏನೇ ಇರಲಿ. ನಂದಿಯಲ್ಲಿ ಸಿಕ್ಕ ಓದನ್ನೇ ನಂಬಿದರೆ ಶಿವಗಂಗೆಯಿಂದ ನಂದಿ ನೀರಿನ ಮಟ್ಟಕ್ಕಿಂತ ಒಂದೂವರೆ ಸೆಂಟಿಮೀಟರ್ ಮೇಲೆ ಬರಬೇಕು. ನಕ್ಷೆಯನ್ನು ನಂಬಿದರೂ 5.5 ಮಿಲಿಮೀಟರ್ ಮೇಲೆ ಬರಬೇಕು. ದುಂಡು ಭೂಮಿಯ ಲೆಕ್ಕ ಹೇಳುವುದು ಬೇರೆ: ನಂದಿ ಶಿವಗಂಗೆಗಿಂತ ಎತ್ತರದ ಬೆಟ್ಟವಾಗಿದ್ದರೂ ಅಲ್ಲಿಂದ ಅದು ನೀರಿನ ಮಟ್ಟಕ್ಕಿಂತ ಕೆಳಗೇ ಕಾಣಬೇಕು, ಸುಮಾರು 6 ಮಿಲಿಮೀಟರ್. ಮೂರೂ ಸಂಖ್ಯೆಗಳನ್ನು ಪುಸ್ತಕದಲ್ಲಿ ಬರೆದಾಗಿದೆ. ಈ ಸಲ ಸಹಿ ಹಾಕುವ ಮೊದಲು ಅವನು ಬಹಳ ಹೊತ್ತು ಲೆಕ್ಕ ಮಾಡಿ ನೋಡಿದ. ಮುಂದಿನ ಮಳೆ ಕಳೆದು ಗಾಳಿ ತೊಳೆದಂತಾದ ದಿನ ರೀಪು, ಟ್ಯೂಬುಗಳನ್ನು ಹೊತ್ತುಕೊಂಡು ಶಿವಗಂಗೆ ಹತ್ತುವುದೆಂದು ಮಾತಾಗಿದೆ. ಅಲ್ಲಿ ಗಾಳಿ ಹೆಚ್ಚು ಎಂದು ನೀರಿನ ಮಟ್ಟ ಅಲುಗದಂತೆ ಟ್ಯೂಬಿನ ಬಾಯಿಗೆ ಹತ್ತಿಯನ್ನು ಸಡಿಲವಾಗಿ ಇಡುವ ಉಪಾಯವನ್ನು ಅವನೇ ಹೇಳಿದ್ದಾನೆ.